ಹಾಳೆಯ ತಟ್ಟೆಯೂ ಹಸಿರು ಭಾಷಣವೂ

ಮಲೆನಾಡಿನ ಸೆರಗಿನಲ್ಲಿರುವ ಒಂದು ವಿಶ್ವವಿದ್ಯಾನಿಲಯದ ಹಸಿರು ಉದ್ಯಮ ಪ್ರೋತ್ಸಾಹ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯ ಮಹಾಶಯರೆ,

ಪದವಿ ಕೈಗೆ ಬಂದೊಡನೆ ನೌಕರಿಯ ಅರ್ಜಿಗಳನ್ನು ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತುವ ನಮ್ಮ ತರುಣರನ್ನು ತಡೆದು ನಿಲ್ಲಿಸಿ, ನೆಲಜಲಗಳಿಗೆ ಹಾನಿಯಾಗದಂತಹ ಉದ್ಯಮಗಳನ್ನು ತಂತಮ್ಮ ಊರುಗಳಲ್ಲಿಯೇ ಆರಂಭಿಸುವಂತೆ ಅವರನ್ನು ಹುರಿದುಂಬಿಸಬೇಕೆಂಬ ಘನವಾದ ಸಂಕಲ್ಪದಿಂದ ತಾವು ಕಳೆದ ತಿಂಗಳು ಏರ್ಪಡಿಸಿದ್ದ ವಿಚಾರಸಂಕಿರಣಕ್ಕೆ, ನಿವೃತ್ತನಾಗಿ ಮನೆಯ ಜಗಲಿಯಲ್ಲಿ ಕುಳಿತಿರುವ ಈ ಕನ್ನಡ ಅಧ್ಯಾಪಕನನ್ನೂ ಮರೆಯದೆ ಕರೆಸಿಕೊಂಡಿರಿ. ಅದಕ್ಕಾಗಿ ಮೊದಲು ನನ್ನ ಕೃತಜ್ಞತೆಯನ್ನು ನಿವೇದಿಸುತ್ತೇನೆ. ಅಂದು ನನಗೆ ಲಭಿಸಿದ ಜ್ಞಾನವು ಬಹಳ. ಅದನ್ನು ಒಬ್ಬನೇ ಇಟ್ಟುಕೊಳ್ಳುವುದು ಸ್ವಾರ್ಥವಾದೀತೆಂದು ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಸಭಾಂಗಣದ ಮಹಾದ್ವಾರದಲ್ಲಿ ಉದ್ದನೆಯ ಫ್ಲೆಕ್ಸೊಂದು, ಎರಡು ಅಂಗೈಗಳ ನಡುವೆ ಚಿಗುರುತ್ತಿರುವ ಭೂಮಂಡಲದ ಚಿತ್ರವನ್ನು ಹೊತ್ತು, ನಮ್ಮನ್ನು ಸ್ವಾಗತಿಸಿತು. ಫ್ಲೆಕ್ಸು, ಪ್ಲಾಸ್ಟಿಕ್ಕಿನ ತಟ್ಟೆ ಲೋಟಗಳು, ಥರ್ಮೋಕೋಲು ಇವೆಲ್ಲವನ್ನೂ ನಮ್ಮ ರಾಜ್ಯ ಸರ್ಕಾರವು 2016ರ ಮಾರ್ಚ್ ತಿಂಗಳಲ್ಲಿಯೇ ನಿಷೇಧಿಸಿತ್ತೆಂದು ಎಲ್ಲಿಯೋ ಓದಿದ್ದ ನಾನು ಕ್ಷಣಕಾಲ ಗೊಂದಲಕ್ಕೊಳಗಾದೆನು. ಆದರೆ ನಿಷಿದ್ಧ ವಸ್ತುವನ್ನು ಕಣ್ಣಾರೆ ಕಾಣದ ವಿದ್ಯಾರ್ಥಿಗೆ ನಿಷೇಧದ ಅರ್ಥವಾಗುವುದಾದರೂ ಎಂತು ಎಂಬ ತಮ್ಮ ಶಿಕ್ಷಣತತ್ತ್ವವು ಹೊಳೆದೊಡನೆ ತಲೆಬಾಗಿದೆನು.

ಬಳಿಕ ವೇದಿಕೆಯ ಮೇಲೆ ಏಳು ಮಂದಿ ಮಹನೀಯರು, ಹಾಳೆಯಷ್ಟು ತೆಳುವಾದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಏಳು ಹೂಗುಚ್ಛಗಳನ್ನು ಸ್ವೀಕರಿಸಿ, “ನೌಕರಿ ಬೇಡುವವರಾಗಬೇಡಿ, ನೌಕರಿ ನೀಡುವವರಾಗಿ, ನಷ್ಟಕ್ಕೆ ಅಂಜಬೇಡಿ” ಎಂದು ಸರದಿಯ ಮೇಲೆ ಉಪದೇಶಿಸಿದರು. ಏಳು ಮಂದಿಯೂ ತಿಂಗಳ ಕೊನೆಗೆ ತಪ್ಪದೆ ಸಂಬಳವನ್ನೋ ಪಿಂಚಣಿಯನ್ನೋ ಎಣಿಸಿಕೊಳ್ಳುವವರು; ಏಳನೆಯವನು ನಾನೇ. ದೇಶಕ್ಕೇ ಮಾದರಿಯಾಗುವಂತೆ ನಮ್ಮ ರಾಜ್ಯವು 2015ರಲ್ಲಿಯೇ ಸ್ಟಾರ್ಟಪ್ ನೀತಿಯನ್ನು ಪ್ರಕಟಿಸಿದುದನ್ನು ನಾಲ್ವರು ಉಲ್ಲೇಖಿಸಿದರು. ಒಂದು ಪದಾರ್ಥವನ್ನು ಮಾಡಿ ಮಾರಿದ ಅನುಭವವನ್ನು ಹೇಳಿದವರು ಒಬ್ಬರೂ ಇರಲಿಲ್ಲ.

ಆ ಕೊರತೆಯನ್ನು ತುಂಬಿದ್ದು ಭೋಜನ. ಬೆಳ್ಳಿಯ ಬಣ್ಣದ ಲೇಪನವುಳ್ಳ ಕಾಗದದ ತಟ್ಟೆಯಲ್ಲಿ ಸಾರು ಹರಿದು ಅಂಗಿಯ ಕಡೆಗೆ ಹೊರಟಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ತರುಣನು ತನ್ನ ಕರವಸ್ತ್ರವನ್ನು ಚಾಚಿ, “ಮೇಷ್ಟ್ರೇ, ಭಾಷಣ ಕೇಳಿ ಹೊಟ್ಟೆ ತುಂಬಿತು, ತಟ್ಟೆ ಮಾತ್ರ ನನ್ನದಲ್ಲ” ಎಂದನು. ನೋಡಿದರೆ ನನ್ನ ಹಳೆಯ ಶಿಷ್ಯ. ತಮ್ಮ ಆವರಣದಿಂದ ಒಂದು ಗಳಿಗೆಯ ದಾರಿಯಲ್ಲಿ ಅಡಿಕೆ ಹಾಳೆಯ ತಟ್ಟೆಗಳನ್ನು ಮಾಡುತ್ತಿರುವವನು.

ಅವನ ಉದ್ಯಮವು ನೋಡಲು ಸರಳ. ಅಡಿಕೆಯ ಮರದಿಂದ ತಾನಾಗಿ ಕಳಚಿ ಬೀಳುವ ಹಾಳೆಯನ್ನು ನೀರಿನಲ್ಲಿ ನೆನೆಸಿ, ಉಜ್ಜಿ ತೊಳೆದು, ಕಾದ ಅಚ್ಚಿನಲ್ಲಿ ಒತ್ತಿ, ಅಂಚು ಕತ್ತರಿಸಿದರೆ ತಟ್ಟೆ ಸಿದ್ಧ. ಮರ ಕಡಿಯಬೇಕಾಗಿಲ್ಲ, ಅಂಟು ಬಣ್ಣಗಳ ಗೊಡವೆಯಿಲ್ಲ, ಉಂಡೆಸೆದರೆ ಗೊಬ್ಬರ. ತುಳುನಾಡಿನವರು ಮುಟ್ಟಾಳೆ ಮಾಡಿ ತಲೆಗಿಟ್ಟುಕೊಳ್ಳುತ್ತಿದ್ದ, ನಮ್ಮ ಮಕ್ಕಳು ಮೇಲೆ ಕುಳಿತು ಅಂಗಳದಲ್ಲೆಲ್ಲ ಎಳೆಸಿಕೊಳ್ಳುತ್ತಿದ್ದ ಹಾಳೆಯೇ ಅದು. ಆದರೆ ಬೇಸಿಗೆಯಲ್ಲಿ ಬಿದ್ದ ಹಾಳೆಗೆ ಮಲೆನಾಡಿನ ಮಳೆ ತಾಕಿದರೆ ಬೂಸು ಹಿಡಿಯುವುದಾದ್ದರಿಂದ, ವರ್ಷಕ್ಕೆ ಸಾಲುವಷ್ಟನ್ನು ಮುಂಗಾರಿಗೆ ಮುಂಚೆಯೇ ಕೊಂಡು, ಒಣಗಿಸಿ, ಒಟ್ಟಬೇಕು. ಹಣವು ಮೊದಲು ಹೋಗುತ್ತದೆ, ತಿಂಗಳುಗಳ ಮೇಲೆ ಬರುತ್ತದೆ. ನಡುವೆ ಕರೆಂಟು ಹೋದರೆ ಅಚ್ಚು ತಣ್ಣಗಾಗಿ ಆಳುಗಳು ಕೈಕಟ್ಟಿ ಕೂರುತ್ತಾರೆ.

ಇಂತಹವನು ತಮ್ಮ ವಿದ್ಯಾರ್ಥಿನಿಲಯಗಳಿಗೆ ತಟ್ಟೆ ಒದಗಿಸಲು ಟೆಂಡರು ಹಾಕಿದನಂತೆ. ವಿಶ್ವವಿದ್ಯಾನಿಲಯಗಳಿಗೆ ಮೂರು ವರ್ಷ ಸರಬರಾಜು ಮಾಡಿದ ಅನುಭವವಿಲ್ಲವೆಂದು ಅರ್ಜಿ ತಿರಸ್ಕೃತವಾಯಿತು. ವಿಶ್ವವಿದ್ಯಾನಿಲಯವು ಕೊಳ್ಳದೆ ಅನುಭವ ಬಾರದು. ಅನುಭವ ಬಾರದೆ ವಿಶ್ವವಿದ್ಯಾನಿಲಯವು ಕೊಳ್ಳದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ನಮ್ಮ ಗಾದೆಗೆ ಉದಾಹರಣೆ ಹುಡುಕಿ ಮೂವತ್ತು ವರ್ಷ ಪಾಠ ಹೇಳಿದ ನನಗೆ ಅದು ತಮ್ಮ ಖರೀದಿ ವಿಭಾಗದಲ್ಲಿ ದೊರೆತದ್ದು ಪರಮಾನಂದದ ಸಂಗತಿ. ಹೊಸ ಉದ್ಯಮಗಳಿಗೆ ಅನುಭವದ, ವಹಿವಾಟಿನ ಷರತ್ತುಗಳನ್ನು ಸಡಿಲಿಸಬಹುದೆಂದು ಕೇಂದ್ರ ಸರ್ಕಾರವು 2016ರಲ್ಲಿಯೇ ತನ್ನ ಇಲಾಖೆಗಳಿಗೆ ತಿಳಿಸಿತ್ತು. ಆದರೆ ಅಂತಹ ಚಿಲ್ಲರೆ ಸಂಗತಿಗಳಿಗೆ ವಿಚಾರಸಂಕಿರಣದಲ್ಲಿ ಸಮಯವಿರಲಿಲ್ಲ.

ಒಮ್ಮೆ ಮಾತ್ರ, ತಮ್ಮ ಒಂದು ವಿಭಾಗದವರು ವಿಶ್ವ ಪರಿಸರ ದಿನದ ಊಟಕ್ಕೆ ಅವನಿಂದ ತಟ್ಟೆಗಳನ್ನು ತರಿಸಿಕೊಂಡಿದ್ದರು. ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು ಹೆಚ್ಚೆಂದರೆ 45 ದಿನಗಳೊಳಗೆ ಕೊಡತಕ್ಕದ್ದೆಂದು 2006ರ ಕಾಯಿದೆಯು ಹೇಳುತ್ತದೆ. ಆ ತಟ್ಟೆಗಳು ತಮ್ಮ ತೋಟದಲ್ಲಿ ಕರಗಿ ಗೊಬ್ಬರವಾಗಿ, ಗೊಬ್ಬರದಿಂದ ದಾಸವಾಳ ಬೆಳೆದು, ಆ ದಾಸವಾಳವು ಹೂ ಬಿಟ್ಟಿದೆ. ಬಿಲ್ಲು ಮಾತ್ರ ಕಡತದೊಳಗೆ ಕೊಂಚವೂ ಕೊಳೆಯದೆ ಕುಳಿತಿದೆ. ಪ್ಲಾಸ್ಟಿಕ್ಕಿಗಿಂತ ಚಿರಾಯುವಾದ ವಸ್ತು ಲೋಕದಲ್ಲಿ ಒಂದುಂಟೆಂದು ನಾನು ಅಂದು ತಿಳಿದೆನು.

ಇನ್ನೊಂದು ಮಾತು. ಅಡಿಕೆಯ ಆಲ್ಕಲಾಯ್ಡುಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಆಕ್ಷೇಪವೆತ್ತಿ ಆಮದಿಗೆ ತಡೆಯೊಡ್ಡಿದಾಗ, ಈ ಸೀಮೆಯ ತಟ್ಟೆಯವರು ದಿಕ್ಕು ತೋರದೆ ನಿಂತರು. ಆಕ್ಷೇಪವು ನಿಜವೋ, ನಿಜವಾದರೆ ಬಿಸಿಸಾರಿಗೆ ಎಷ್ಟು ಇಳಿಯುತ್ತದೆ, ಹಾಳೆಯನ್ನು ಹೇಗೆ ತೊಳೆದರೆ ಕಡಿಮೆಯಾದೀತು ಎಂಬುದನ್ನು ಪರೀಕ್ಷಿಸಿ ಹೇಳಬಲ್ಲ ರಸಾಯನಶಾಸ್ತ್ರ ವಿಭಾಗವೊಂದು ತಮ್ಮ ಆವರಣದಲ್ಲಿಯೇ ಉಂಟು. ಒಳಿತಾದರೂ ಕೆಡುಕಾದರೂ ಆ ಉತ್ತರವು ಏಳು ಭಾಷಣಗಳಿಗಿಂತ ಬೆಲೆಯುಳ್ಳದ್ದು. ಆದರೆ ತಮ್ಮ ಸಂಶೋಧಕರು ಆ ದಿನ ನಮ್ಮ ಸಭೆಗೆ ಕುರ್ಚಿಗಳನ್ನು ಜೋಡಿಸುತ್ತಿದ್ದರು.

ಪರಿಸರ ಶಿಕ್ಷಣವು ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿರ್ದೇಶಿಸಿತು. ಅದರ ಫಲವಾಗಿ ನನ್ನ ಶಿಷ್ಯನೂ ಪದವಿಯ ತರಗತಿಯಲ್ಲಿ ‘ಪ್ಲಾಸ್ಟಿಕ್ಕಿನ ದುಷ್ಪರಿಣಾಮಗಳು’ ಎಂಬ ಪ್ರಶ್ನೆಗೆ ಉತ್ತರ ಬರೆದು ಹತ್ತಕ್ಕೆ ಒಂಬತ್ತು ಅಂಕ ಗಳಿಸಿದ್ದನು. ಅವನು ಮಾಡಿದ ತಪ್ಪು ಒಂದೇ: ತಾನು ಬರೆದುದನ್ನು ತಾನೇ ನಂಬಿಬಿಟ್ಟನು.

ಮಹಾಶಯರೆ, ವಿಡಂಬನೆಯನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಎಳೆಯ ಉದ್ಯಮಕ್ಕೆ ಮೊದಲು ಬೇಕಾದದ್ದು ಉಪದೇಶವಲ್ಲ, ಗಿರಾಕಿ. ಸಾವಿರಾರು ಮಂದಿ ದಿನವೂ ಉಣ್ಣುವ, ಕುಡಿಯುವ, ಬರೆಯುವ, ಕಸ ಚೆಲ್ಲುವ ವಿಶ್ವವಿದ್ಯಾನಿಲಯಕ್ಕಿಂತ ದೊಡ್ಡ ಗಿರಾಕಿ ಈ ಸೀಮೆಯಲ್ಲಿ ಅವರಿಗೆ ಮತ್ತೊಬ್ಬರಿಲ್ಲ. ತಮ್ಮ ವಿದ್ಯಾರ್ಥಿಗಳು ಮಾಡಿದುದನ್ನು ಮೊದಲು ಪರೀಕ್ಷಿಸಿರಿ, ಯೋಗ್ಯವಾದರೆ ಕೊಂಡುಕೊಳ್ಳಿರಿ, ಕೊಂಡ ಬಳಿಕ ನಲವತ್ತೈದು ದಿನಗಳೊಳಗೆ ಹಣ ಕೊಡಿರಿ. ಮುಂದಿನ ವರ್ಷದ ಸಂಕಿರಣದಲ್ಲಿ ನನ್ನ ಭಾಷಣಕ್ಕೆಂದು ಇಡುವ ಅರ್ಧ ಗಂಟೆಯನ್ನು ನಾನು ಸಂತೋಷದಿಂದ ಬಿಟ್ಟುಕೊಡುತ್ತೇನೆ. ಆ ಹೊತ್ತಿನಲ್ಲಿ ತಮ್ಮ ಲೆಕ್ಕಪತ್ರ ವಿಭಾಗದವರು ಆ ಹಳೆಯ ಬಿಲ್ಲಿಗೆ ಒಂದು ರುಜು ಹಾಕಲಿ.

ಇಂತು ತಮ್ಮ ವಿಧೇಯ,
ಏಳನೆಯ ಭಾಷಣಕಾರ