ತೂಕ ಎಷ್ಟಂತ ಹೇಳಿದ್ರಿ?

ಶನಿವಾರ ಬೆಳಿಗ್ಗೆ ಆರಕ್ಕೆಲ್ಲ ಮ್ಯೂನಿಕ್ ಬಿಟ್ಟುಬಿಡೋಣ ಅಂತ ವಾಟ್ಸಾಪ್ ಗ್ರೂಪಲ್ಲಿ ಘೋಷಣೆ ಹೊರಡಿಸಿದ್ದು ಯಾರು? ನೀವೇ ತಾನೇ? ಆರೂವರೆಗೆ ಫೋನ್ ಮಾಡಿದ್ರೆ "ಲಿಫ್ಟಲ್ಲಿದೀನಿ, ಇಳೀತಾ ಇದೀನಿ" ಅಂದಿದ್ದೂ ನೀವೇ. (ಹಿಂದುಗಡೆ ಕುಕ್ಕರ್ ವಿಷಲ್ ಹೊಡೀತಿತ್ತು ಸ್ವಾಮಿ. ಯಾವ ಲಿಫ್ಟಲ್ಲಿ ಪುಳಿಯೋಗರೆಗೆ ಅನ್ನ ಇಟ್ಟಿರ್ತಾರೆ?)

ತಡವಾಗಿ ಹೊರಟ್ರೆ ಏನಾಗುತ್ತೆ ಗೊತ್ತಲ್ಲ. ಎ8 ಹೈವೇಲಿ ಇರ್ಶೆನ್‌ಬೆರ್ಗ್ ಏರು ಬರೋ ಹೊತ್ತಿಗೆ ಅರ್ಧ ಬವೇರಿಯಾ ತಲೆ ಮೇಲೆ ಸ್ಕೀ ಕಟ್ಕೊಂಡು ನಿಮ್ಮ ಮುಂದೆ ನಿಂತಿರುತ್ತೆ. ಸಿಲ್ಕ್ ಬೋರ್ಡ್ ಬಿಟ್ಟು ಬಂದಿದ್ದು ಇದಕ್ಕಾ ಅಂತ ಗೊಣಗ್ತೀರಿ. ಅಲ್ಲಿಂದ ಎ93 ಹಿಡಿದು, ಕುಫ್‌ಸ್ಟೈನ್ ಹತ್ರ ಗಡಿ ದಾಟಿದ್ರೆ ಆಸ್ಟ್ರಿಯಾ. ಆ ಕಡೆ ಹೈವೇಗೆ ವಿನ್ಯೆಟ್ ಅಂತ ದುಡ್ಡು ಕಟ್ಟಬೇಕು; ಆದ್ರೆ 2019ರ ಡಿಸೆಂಬರಿಂದ ಕುಫ್‌ಸ್ಟೈನ್ ಸೂಡ್ ಎಕ್ಸಿಟ್‌ವರೆಗೆ ಅದು ಬೇಡ. ಇದೊಂದು ಮಾತ್ರ ನಿಮಗೆ ಕಂಠಪಾಠ!

ಅಲ್ಲಿ ಟಿರೋಲ್ ಪ್ರಾಂತ್ಯದ ಸ್ಯೋಲ್ ಅನ್ನೋ ಊರಲ್ಲಿ ಸ್ಕೀ ಬಾಡಿಗೆಗೆ ಕೊಡೋ ಅಂಗಡಿ. ಕೌಂಟರಲ್ಲಿರೋ ಹುಡುಗ ಬಹಳ ಮರ್ಯಾದಸ್ಥ. ಎತ್ತರ ಎಷ್ಟು, ವಯಸ್ಸೆಷ್ಟು, ಸ್ಕೀಯಿಂಗ್ ಎಷ್ಟು ಬರುತ್ತೆ ಅಂತೆಲ್ಲ ಕೇಳಿ, ಕೊನೆಗೆ "ತೂಕ?" ಅಂತಾನೆ. ನೀವು ಹಿಂದೆ ಕ್ಯೂನಲ್ಲಿರೋ ಫ್ರೆಂಡ್ಸ್ ಕಡೆ ಒಂದ್ಸಲ ನೋಡ್ತೀರಿ. ಹೊಟ್ಟೆ ಒಳಗೆ ಎಳ್ಕೊಳ್ತೀರಿ. (ಜಾಕೆಟ್ ಒಳಗೆ ಅದನ್ನ ಯಾರು ನೋಡ್ತಾರೆ?) ಆಮೇಲೆ ಮದುವೆ ಟೈಮಲ್ಲಿದ್ದ ತೂಕ ಹೇಳ್ತೀರಿ.

ಅವನು ಯಾಕೆ ಕೇಳಿದ ಅಂತ ಯೋಚನೆ ಮಾಡಿದ್ರಾ? ಬೂಟನ್ನ ಸ್ಕೀಗೆ ಕಚ್ಚಿ ಹಿಡಿಯೋ ಬೈಂಡಿಂಗ್ ಅಂತ ಒಂದಿದೆ. ಬಿದ್ದಾಗ ಅದು ಟಕ್ಕಂತ ಬಿಟ್ಕೊಬೇಕು, ಇಲ್ದಿದ್ರೆ ಕಾಲು ತಿರುಚಿ ಮೂಳೆಗೇ ಬರುತ್ತೆ. ಎಷ್ಟು ಬಲಕ್ಕೆ ಬಿಡಬೇಕು ಅನ್ನೋದನ್ನ ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಸೋಲ್ ಉದ್ದ ಎಲ್ಲ ನೋಡಿ ಸ್ಕ್ರೂಡ್ರೈವರಲ್ಲಿ ತಿರುಗಿಸಿ ಇಡ್ತಾರೆ. ಹತ್ತು ಕೇಜಿ ಕಮ್ಮಿ ಹೇಳಿದ್ರೋ, ಸುಮ್ಮನೆ ತಿರುಗಿದ್ರೂ ಸ್ಕೀ ಕಳಚಿ ಒಂದು ಕಡೆ, ನೀವೊಂದು ಕಡೆ.

ಆದ್ರೆ ನೀವು ಬುದ್ಧಿವಂತರು. ತೂಕ ಕಮ್ಮಿ ಹೇಳಿ, "ಸ್ಕೀಯಿಂಗ್ ಬರುತ್ತಾ?" ಅಂದಾಗ "ಓ, ಮೀಡಿಯಂ" ಅಂದುಬಿಟ್ರಿ! ಪಳಗಿದವರಿಗೆ ಬೈಂಡಿಂಗ್ ಬಿಗಿ ಮಾಡ್ತಾರೆ, ಹಗುರ ಇರೋರಿಗೆ ಸಡಿಲ. ಒಂದು ಸುಳ್ಳು ಮೇಲಕ್ಕೆ ಎಳೀತು, ಇನ್ನೊಂದು ಕೆಳಕ್ಕೆ. ಎರಡೂ ಸೇರಿ ಸರಿಯಾದ ನಂಬರೇ ಬಂದಿದ್ರೂ ಬಂದಿರಬಹುದು. (ಐವತ್ತು ದಾಟಿದೋರಿಗೆ ಸ್ವಲ್ಪ ಸಡಿಲ ಮಾಡ್ತಾರೆ. ಹಾಗಾಗಿ ವಯಸ್ಸಾದ್ರೂ ನಿಜ ಹೇಳಿ. ಹೇಳಲಿಲ್ವಾ? ಗೊತ್ತಿತ್ತು ಬಿಡಿ.)

ಕಾಲಿಗೆ ಎರಡು ಜೊತೆ ಉಲ್ಲನ್ ಸಾಕ್ಸ್ ಬೇರೆ. ಬೇಡ ಅಂದ್ರೆ ಕೇಳಲ್ಲ, "ಚಳಿ ಕಣ್ರೀ" ಅಂತೀರಿ. ಬೂಟಿನ ಬಕಲ್ ಬಿಗಿದ ಮೇಲೆ ಒಳಗೆ ರಕ್ತ ಓಡಾಡೋಕೆ ಜಾಗ ಎಲ್ಲಿ? ತೆಳ್ಳಗಿರೋ ಒಂದು ಜೊತೆ ಹಾಕ್ಕೊಂಡೋರ ಕಾಲು ಬೆಚ್ಚಗಿರುತ್ತೆ, ನಿಮ್ಮ ಬೆರಳು ಮರಗಟ್ಟಿರುತ್ತೆ.

ಇಲ್ಲಿ ಇಳಿಜಾರಿಗೆಲ್ಲ ಬಣ್ಣದ ಬೋರ್ಡ್: ನೀಲಿ ಸುಲಭ, ಕೆಂಪು ಕಷ್ಟ, ಕಪ್ಪು ನಿಮ್ಮಿಷ್ಟ. ಹೊಸಬರು ಕಲಿಯೋಕೆ ಕೆಳಗಡೆನೇ ಜಾಗ ಉಂಟು. ಅಲ್ಲಿ ಸ್ಕೀ ಮುಂತುದಿ ಎರಡನ್ನೂ ಹತ್ತಿರ ತಂದು ಪಿಜ್ಜಾ ತುಂಡಿನ ಆಕಾರ ಮಾಡಿದ್ರೆ ಬ್ರೇಕು. ನಾಲ್ಕೈದು ವರ್ಷದ ಮಕ್ಕಳು ಟೀಚರ್ ಹಿಂದೆ ಸಾಲಾಗಿ ಸುಯ್ಯಂತ ಹೋಗ್ತಾವೆ. ಅವು ಒಂದ್ಸಲ ತಿರುಗಿ ನೋಡಿದ್ವು ಅಷ್ಟೇ, "ಇದೆಲ್ಲ ಮಕ್ಕಳಿಗೆ" ಅಂತ ನೀವು ನೆಟ್ಟಗೆ ಗೊಂಡೋಲಾ ಹತ್ತಿದ್ರಿ.

ಮೇಲೆ ಸ್ವಲ್ಪ ದೂರ ಜಾರುವಾಗ ಏನಂತ ಕೂಗಿದ್ರಿ ನೆನಪಿದೆಯಾ? "ಸೈಡ್! ಸೈಡ್!" ಸ್ಕೀಯಿಂಗಿಗೆ ಎಫ್‌ಐಎಸ್ ಅನ್ನೋ ಸಂಸ್ಥೆ 10 ನಿಯಮ ಮಾಡಿಟ್ಟಿದೆ. ಮುಂದಿರೋನಿಗೇ ಹಕ್ಕು, ಹಿಂದಿನಿಂದ ಬರೋನೇ ತಪ್ಪಿಸ್ಕೊಂಡು ಹೋಗ್ಬೇಕು. ಹಾರ್ನ್ ಹೊಡೆದ್ರೆ ದಾರಿ ಬಿಡ್ತಾರೆ ಅನ್ನೋದು ನಮ್ಮೂರಿನ ಸಂವಿಧಾನ ಮಾರಾಯ್ರೇ, ಟಿರೋಲ್‌ದಲ್ಲ. (ಆದ್ರೂ ಆ ಅಜ್ಜ ಪಕ್ಕಕ್ಕೆ ಹಾರಿದ್ರಲ್ಲ! ಕನ್ನಡ ಅರ್ಥವಾಯ್ತೋ, ನಿಮ್ಮ ಮುಖವೋ.)

ಫೋಟೋ ವಿಷಯ ನಾನು ಎತ್ತಲ್ಲ. ಗಾಗಲ್ಸ್ ಹಣೆ ಮೇಲೆ, ಕೋಲು ಎರಡೂ ಹಿಮಕ್ಕೆ ಚುಚ್ಚಿ, ಹಿಂದೆ ವಿಲ್ಡರ್ ಕೈಸರ್ ಬೆಟ್ಟಗಳ ಸಾಲು. ಸ್ಟೇಟಸ್ ನೋಡಿ ಮೈಸೂರಲ್ಲಿ ಅತ್ತೆ "ಹುಷಾರು ಕಣಪ್ಪಾ" ಅಂದ್ರು. ಅದೇ ಗೊಂಡೋಲಾದಲ್ಲಿ ನೀವು ವಾಪಸ್ ಕೆಳಗಿಳಿದಿದ್ದು ಅವರಿಗೆ ಹೇಗೆ ಗೊತ್ತಾಗ್ಬೇಕು?

ಮಧ್ಯಾಹ್ನ ಪಾರ್ಕಿಂಗಲ್ಲಿ ಡಿಕ್ಕಿ ಮೇಲೆತ್ತಿ, ತಣ್ಣಗಾದ ಪುಳಿಯೋಗರೆ ಕೈಗವಸು ಬಿಚ್ಚಿ ತಿಂದಿರಲ್ಲ, ಇಡೀ ದಿನದಲ್ಲಿ ಒಂದ್ಸಲಾನೂ ಬೀಳದೆ ನೀವು ಮಾಡಿದ ಕೆಲಸ ಅದೊಂದೇ. ಅದಾದ ಮೇಲೂ ಕೈಸರ್‌ಶ್ಮಾರ್ನ್ ಬೇಕು ಅಂದ್ರಿ. ದಪ್ಪ ಪ್ಯಾನ್‌ಕೇಕನ್ನ ಹರಿದು ಚೂರು ಮಾಡಿ, ಸಕ್ಕರೆ ಪುಡಿ ಉದುರಿಸಿ, ಬೇಯಿಸಿದ ಪ್ಲಮ್ ಜೊತೆ ಕೊಡ್ತಾರೆ. "ಎಲ್ಲರೂ ಶೇರ್ ಮಾಡೋಣ" ಅಂದೋರೂ ನೀವೇ, ತಟ್ಟೆ ನಿಮ್ಮ ಕಡೆ ಎಳ್ಕೊಂಡೋರೂ ನೀವೇ.

ವಾಪಸ್ ಬರುವಾಗ ಪೆಟ್ರೋಲ್ ಆಸ್ಟ್ರಿಯಾದಲ್ಲೇ ತುಂಬಿಸಬೇಕು, ಅಗ್ಗ. ಲಿಫ್ಟ್ ಪಾಸಿಗೆ ಸುರಿದ ದುಡ್ಡೆಲ್ಲ ಅಲ್ಲೇ ವಸೂಲಾದ ಹಾಗೆ ಮುಖ ಅರಳಿತು ನಿಮ್ದು. ಮುಂದೆ ಕೀಫರ್ಸ್‌ಫೆಲ್ಡೆನ್ ಹತ್ರ ಜರ್ಮನ್ ಪೊಲೀಸ್ ಚೆಕಿಂಗ್, 2015ರಿಂದ ಇರೋದೇ. ಪಾಸ್‌ಪೋರ್ಟ್ ಎಲ್ಲಿ? ಡಿಕ್ಕಿಲಿ, ಒದ್ದೆ ಸಾಕ್ಸ್ ಕೆಳಗೆ. "ಎಲ್ಲಿಂದ ಬರ್ತಿದೀರಿ?" ಅಂದ ಪೊಲೀಸಪ್ಪ. "ಸ್ಕೀಯಿಂಗ್" ಅಂದ್ರಿ. ಒಂದು ಕೈಲಿ ಬಾಗಿಲು, ಇನ್ನೊಂದರಲ್ಲಿ ಸೊಂಟ ಹಿಡ್ಕೊಂಡು, "ಅಯ್ಯಮ್ಮಾ" ಅಂತ ನೀವು ಕಾರಿಂದ ಇಳಿದಿದ್ದು ನೋಡಿ ಆತ ಎರಡನೇ ಪ್ರಶ್ನೆ ಕೇಳಲಿಲ್ಲ.