ಎಡಗಡೆಯ ಸಾರಥಿ

ಆಗಸ್ಟ್ 15 ಶುಕ್ರವಾರವೋ ಸೋಮವಾರವೋ ಬಂದರೆ ಸಾಕು, ಬೆಂಗಳೂರಿನ ಸಂಸಾರಗಳೆಲ್ಲ ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ರಾಷ್ಟ್ರೀಯ ಹೆದ್ದಾರಿ 75ಕ್ಕೆ ಇಳಿಯುತ್ತವೆ. ಮಲೆನಾಡಿನ ಮಳೆಗೂ ಅದೇ ಸೀಸನ್ನು. ಇಂಥ ಪ್ರತಿ ಕಾರಿನಲ್ಲೂ, ಸ್ಟಿಯರಿಂಗ್ ಯಾರ ಕೈಯಲ್ಲೇ ಇರಲಿ, ಎಡಗಡೆಯ ಮುಂದಿನ ಸೀಟಿನಲ್ಲಿ ಒಬ್ಬ ಸೋದರಮಾವ ಇದ್ದೇ ಇರುತ್ತಾರೆ. ‘ಹಿಂದೆ ಕೂತರೆ ನಂಗೆ ವಾಂತಿ’ ಎಂಬ ಒಂದೇ ಮಾತಿನಿಂದ ಖಾಯಂ ಆದ ಸೀಟು ಅದು. ಮಾವನಿಗೆ ಲೈಸೆನ್ಸ್ ಇಲ್ಲ. ಆದರೆ ಸಾಹೇಬರ ಅಂಬಾಸಿಡರ್‌ನಲ್ಲಿ, ಆಗಲೂ ಎಡಗಡೆಯೇ ಕೂತು, ಶಿರಾಡಿ ಘಾಟಿ ಇಳಿದ ಅನುಭವವಿದೆ.

ಹಾಸನದವರೆಗೆ ಮಾವ ಟೋಲ್ ದರವನ್ನು ಬೈಯುತ್ತಾರೆ. ಅದು ದಾಟಿ ಮೊದಲ ದಪ್ಪ ಹನಿ ಗಾಜಿಗೆ ಬಿದ್ದದ್ದೇ ತಡ, ಅಧಿಕಾರ ವಹಿಸಿಕೊಳ್ಳುತ್ತಾರೆ.

“ಲೋ, ನಾಲ್ಕೂ ಇಂಡಿಕೇಟರ್ ಹಾಕೋ.”

“ಅದು ಗಾಡಿ ನಿಂತಾಗ ಹಾಕೋದು ಮಾವ. ಈಗ ಹಾಕಿದ್ರೆ ನಾವು ಯಾವ ಕಡೆ ತಿರುಗ್ತೀವಿ ಅಂತ ಹಿಂದಿನವರಿಗೆ ಗೊತ್ತಾಗಲ್ಲ.”

“ನಾವ್ಯಾಕೋ ತಿರುಗ್ತೀವಿ? ನೇರ ಧರ್ಮಸ್ಥಳಕ್ಕಲ್ವಾ?”

ಅಷ್ಟರಲ್ಲಿ ಐದು ಜನರ ಉಸಿರಿಗೆ ಗಾಜಿನ ಒಳಮೈ ಮಬ್ಬಾಗುತ್ತದೆ. ಎಸಿ ಹಾಕಿದರೆ ಆವಿ ಆರಿ ತಿಳಿಯಾಗುತ್ತದೆ ಎಂದು ಅಳಿಯನಿಗೆ ಗೊತ್ತು. “ಹೊರಗೆ ಈ ಥಂಡಿ, ಒಳಗೆ ಎಸಿ ಬೇರೆ ಕೇಡು” ಎಂದು ಮಾವ ಅದನ್ನು ಆರಿಸಿ, ಹೆಗಲ ಟವೆಲ್ ಎಳೆದು ಒರೆಸಲು ಕೂರುತ್ತಾರೆ. ಒರೆಸುವುದು ತಮ್ಮ ಎದುರಿನ ಭಾಗವನ್ನು ಮಾತ್ರ. ಉಳಿದದ್ದನ್ನು ಅವರು ನೋಡಿ ಹೇಳುತ್ತಾರೆ, ಅಳಿಯ ಕೇಳಿ ಓಡಿಸಬೇಕು. ಕುಣಿಗಲ್‌ನಲ್ಲಿ ಕೋಡುಬಳೆ ತಿಂದ ಕೈಯನ್ನೂ ಅದೇ ಟವೆಲ್ಲಿಗೆ ಒರೆಸಿದ್ದರಿಂದ ಎಣ್ಣೆ ಹರಡಿ, ಎದುರಿಗೆ ಬರುವ ಒಂದು ಲಾರಿಗೆ ಆರು ಹೆಡ್‌ಲೈಟ್ ಕಾಣಿಸುತ್ತವೆ.

“ಆಗೆಲ್ಲ ವೈಪರ್ ಕೆಟ್ಟರೆ ಡ್ರೈವರ್‌ಗಳು ಗಾಜಿಗೆ ಬೀಡಿ ತಂಬಾಕು ತಿಕ್ತಿದ್ರು. ಲೇ, ಹೊಗೆಸೊಪ್ಪು ಇದೆಯೇನೇ?” ಎಂದು ಹಿಂದಕ್ಕೆ ತಿರುಗುತ್ತಾರೆ.

“ವೈಪರ್ ಸರಿಯಾಗೇ ಇದೆ ಕಣ್ರೀ, ತಿಕ್ಕೋದಾದ್ರೆ ನಿಮ್ಮ ತಲೆಗೆ ತಿಕ್ಕಬೇಕು” ಎನ್ನುತ್ತಾರೆ ಅತ್ತೆ.

ಮಾವನ ಸಲಹೆಗಳಲ್ಲಿ ಬುದ್ಧಿ ಇಲ್ಲವೆಂದಲ್ಲ. “ಆ ಕೆಂಪು ಬಸ್ಸಿನ ಹಿಂದೆ ಹೋಗೋ. ಅವನಿಗೆ ಈ ರಸ್ತೆ ಬಾಯಿಪಾಠ” ಅಂದದ್ದು ನೂರಕ್ಕೆ ನೂರು ಸರಿ. ಮಂಜು ಕವಿದಾಗ ಮುಂದಿನ ಗಾಡಿಯ ಹಿಂದೀಪವೇ ದಾರಿ. ಬಸ್ಸು ನಿಧಾನಿಸಿದರೆ ನಿಧಾನಿಸಿ, ಹೊರಳಿದರೆ ಹೊರಳಿ, ಕೊನೆಗೆ ಬಸ್ಸಿನೊಂದಿಗೆ ಕಾರೂ ಸಕಲೇಶಪುರದ ಬಸ್ ನಿಲ್ದಾಣದೊಳಗೆ ಬಂದು ನಿಂತಿತು. ಕೊಡೆ ಹಿಡಿದ ಕಂಟ್ರೋಲರ್ ಬಗ್ಗಿ, “ಯಾವ ಡಿಪೋ ಸಾರ್?” ಎಂದು ಕೇಳಿದರು. “ಹೇಗೂ ಬಾತ್‌ರೂಮಿಗೆ ಇಳೀಬೇಕಿತ್ತು” ಎಂದು ಮಾವ ಗಂಭೀರವಾಗಿ ಇಳಿದರು.

ದೋಣಿಗಾಲ್ ದಾಟಿ, 2024ರ ಮಳೆಯಲ್ಲಿ ಗುಡ್ಡ ರಸ್ತೆಗೆ ಬಂದಿದ್ದ ದೊಡ್ಡತಪ್ಪಲೆಗೆ ಬಂದಾಗ ಮಾತ್ರ ಕಥೆಯೇ ಬೇರೆ. ಒಂದು ಕಡೆ ಒದ್ದೆ ಮಣ್ಣಿನ ಗೋಡೆ, ಎದುರಿಗೆ ಮಂಗಳೂರಿನಿಂದ ಹತ್ತಿ ಬರುವ ಗ್ಯಾಸ್ ಟ್ಯಾಂಕರ್‌ಗಳ ಸಾಲು, ಕೆಳಗೆ ಕೆಂಪುಹೊಳೆಯ ಸದ್ದು. ಮಾವ ತುಟಿ ಪಿಟಕ್ಕೆನ್ನುವುದಿಲ್ಲ. ಹವಾಮಾನ ಇಲಾಖೆಯ ಕೆಂಪು ಅಲರ್ಟ್‌ಗೂ ಹೆದರದ ಅಳಿಯ, ಈ ಮೌನಕ್ಕೆ ಬೆವರುತ್ತಾನೆ. ಇಪ್ಪತ್ತರ ವೇಗಕ್ಕೆ ಇಳಿದು, “ಏನಾದ್ರೂ ಹೇಳಿ ಮಾವ” ಎಂದು ತಾನೇ ಗೋಗರೆಯುತ್ತಾನೆ. ಗುಂಡ್ಯ ಬಂದು ರಸ್ತೆ ಸಮವಾದ ಮೇಲೆಯೇ ಮಾವನಿಗೆ ದನಿ ಮರಳುವುದು: “ಎಷ್ಟು ನಿಧಾನ ಓಡಿಸ್ತೀಯೋ!”

ಧರ್ಮಸ್ಥಳ ತಲುಪಿ, ಇಡೀ ದಿನ ಓಡಿಸಿದ ಅಳಿಯ ಲಗೇಜ್ ಹೊತ್ತು ಮೆಟ್ಟಿಲು ಹತ್ತುತ್ತಾನೆ. ಮಾವ ಅಷ್ಟರಲ್ಲೇ ಮಂಚದ ಮೇಲೆ ಒರಗಿ ಅಮೃತಾಂಜನ್ ಕೇಳುತ್ತಿರುತ್ತಾರೆ. ಬಲಗಾಲಿನ ಮೀನಖಂಡ ಸೆಟೆದುಕೊಂಡಿದೆಯಂತೆ. ಎಡಗಡೆ ಸೀಟಿನ ಕೆಳಗೆ ಬ್ರೇಕ್ ಇರುವುದಿಲ್ಲ ನಿಜ. ಆದರೆ ದೊಡ್ಡತಪ್ಪಲೆಯಿಂದ ಗುಂಡ್ಯದವರೆಗೆ ಮಾವ ಅದರ ಮೇಲಿಂದ ಕಾಲು ತೆಗೆದಿರಲಿಲ್ಲ.