ಡೆಲವೇರ್ ಜನ್ಮ ಮೀಮಾಂಸೆ

ಕಂಪನಿಗೆ ಎಷ್ಟು ಜನ್ಮ ಎಂಬ ಪ್ರಶ್ನೆಯನ್ನು ಪೂರ್ವಾಚಾರ್ಯರು ಎತ್ತಿಲ್ಲ. ಅವರ ಕಾಲದಲ್ಲಿ ವೆಂಚರ್ ಕ್ಯಾಪಿಟಲ್ ಇರಲಿಲ್ಲವಷ್ಟೆ. ಆ ಕೊರತೆ ನೀಗಿಸುವುದೇ ಈ ಪ್ರಬಂಧದ ಪ್ರಯೋಜನ. ವಿಷಯ: ಅಮೆರಿಕದ ಡಾಲರು. ಅಧಿಕಾರಿ: ನಾವುಂದದ ಮನೆಯಲ್ಲಿ ಕೂತು ಆ್ಯಪ್ ಕಟ್ಟುವ ಮಾಣಿ. ಸಂಬಂಧ: ಜೂಮ್.

ಅನುಷ್ಠಾನ ರಾತ್ರಿಯದು. ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ 9 ಆದಾಗ ಆಷಾಢದ ನಾವುಂದದಲ್ಲಿ ರಾತ್ರಿ 9.30. ಹಂಚಿನ ಮೇಲೆ ಮಳೆ ಧೋ ಎನ್ನುತ್ತಿರುತ್ತದೆ, ಕರೆಂಟು ಸಂಜೆಯೇ ಹೋಗಿರುತ್ತದೆ, ಇನ್ವರ್ಟರ್ ಕೊನೆಯುಸಿರು ಎಳೆಯುತ್ತಿರುತ್ತದೆ. ಆಚೆಯ ಸಾಹುಕಾರ ಮಾರುಕಟ್ಟೆ ಎಷ್ಟು ದೊಡ್ಡದು ಎಂದು ಕೇಳಿ, ಒಪ್ಪಿಗೆಯಾದರೆ ಒಂದೇ ನಿಯಮ ಹೇಳುತ್ತಾನೆ: ಕಂಪನಿ ಡೆಲವೇರ್‌ನಲ್ಲಿ ಹುಟ್ಟಿರಬೇಕು.

ಪೂರ್ವಪಕ್ಷ ಮಾಣಿಯ ಅಮ್ಮನದು. "ಅಲ್ಲ ಮಾಣಿ, ನೀ ಇಪ್ಪುದ್ ಇಲ್ಲಿ, ಕಂಪನಿ ಅಲ್ಲೆಂತಕೆ?"

ಸಿದ್ಧಾಂತ ಹೀಗಿದೆ. ಡೆಲವೇರ್‌ನಲ್ಲಿ ಮನುಷ್ಯರು ಸುಮಾರು 10 ಲಕ್ಷ, ಕಂಪನಿಗಳು 20 ಲಕ್ಷಕ್ಕೂ ಮಿಕ್ಕು. ವಿಲ್ಮಿಂಗ್ಟನ್ ಪೇಟೆಯ ನಾರ್ತ್ ಆರೆಂಜ್ ಸ್ಟ್ರೀಟಿನ ಒಂದಂತಸ್ತಿನ ಕಟ್ಟಡವೊಂದೇ ಲಕ್ಷಾಂತರ ಕಂಪನಿಗಳ ವಿಳಾಸ. ಅಲ್ಲಿನ ಕಂಪನಿ ಕಾನೂನು, ಚಾನ್ಸರಿ ಕೋರ್ಟಿನ ತೀರ್ಪುಗಳು ಅಮೆರಿಕದ ವಕೀಲರಿಗೆ ಬಾಯಿಪಾಠ. ಹೂಡಿಕೆದಾರನ ಭಕ್ತಿಗೆ ಇದೇ ಕಾರಣ. ಕಂಪನಿ ಹುಟ್ಟಿಸಲು ಮಾಣಿಗೆ ವೀಸಾ ಬೇಡ, ಅಲ್ಲಿಗೆ ಹೋಗಿ ದುಡಿಯಲು ಬೇಕು. ಕಾಗದಕ್ಕೆ ಸಿಕ್ಕಷ್ಟು ಸುಲಭವಾಗಿ ದೇಹಕ್ಕೆ ಪ್ರವೇಶವಿಲ್ಲ.

ಮಧ್ವಾಚಾರ್ಯರ ಜಿಲ್ಲೆಯವರಿಗೆ ಮುಂದಿನ ಅಧ್ಯಾಯ ಸಲೀಸು: ಷೇರುಗಳಲ್ಲೂ ತಾರತಮ್ಯವುಂಟು. ಸ್ಥಾಪಕನದು ಸಾಮಾನ್ಯ ಷೇರು, ಹೂಡಿಕೆದಾರನದು ಪ್ರಿಫರ್ಡ್, ಅಂದರೆ ಮೊದಲ ಪಂಕ್ತಿ. ಅವನು 10 ಕೋಟಿ ಹಾಕಿದ ಕಂಪನಿ 8 ಕೋಟಿಗೆ ಮಾರಾಟವಾದರೆ ಎಂಟೂ ಅವನಿಗೇ, ಮಾಣಿಗೆ ಅನುಭವ. ಅಮೆರಿಕದ ಸ್ಟಾರ್ಟಪ್ ಗುರುಕುಲ ವೈ ಕಾಂಬಿನೇಟರ್ ಕೊಡುವ 5 ಲಕ್ಷ ಡಾಲರಿನಲ್ಲಿ 1.25 ಲಕ್ಷಕ್ಕೆ 7% ಪಾಲು ಖಚಿತವಾಗಿ ಹೋಗುತ್ತದೆ. ಉಳಿದ 3.75 ಲಕ್ಷಕ್ಕೆ ಎಷ್ಟು ಪಾಲು ಎಂಬುದು ಮುಂದಿನ ಸುತ್ತಿನ ಹಣ ಬಂದಾಗಲೇ ಇತ್ಯರ್ಥ.

ಇನ್ನು ಪುನರ್ಜನ್ಮ. ಬೆಂಗಳೂರಿನ ಹೂಡಿಕೆ ಆ್ಯಪ್ ಗ್ರೋ 2018ರಲ್ಲಿ ಇದೇ ವೈ ಕಾಂಬಿನೇಟರ್ ಹೊಕ್ಕಿತ್ತು; ತಾಯಿ ಕಂಪನಿ ಡೆಲವೇರ್‌ನದು. ಷೇರುಪೇಟೆಗೆ ಇಳಿಯುವ ಆಸೆಯಿಂದ 2024ರಲ್ಲಿ ಭಾರತದ ಕಂಪನಿಯಾಗಿ ಊರಿಗೆ ಮರಳಿದಾಗ ಕಟ್ಟಿದ ತೆರಿಗೆ ಸುಮಾರು 1,340 ಕೋಟಿ ರೂಪಾಯಿ. ವ್ಯವಹಾರದಲ್ಲಿ ಲಾಭವಿದ್ದೂ ಆ ವರ್ಷದ ಲೆಕ್ಕ 805 ಕೋಟಿ ನಷ್ಟ ತೋರಿಸಿತು. 2022ರಲ್ಲಿ ಸಿಂಗಾಪುರದಿಂದ ಮರಳಿದ ಫೋನ್‌ಪೇಯ ಹೂಡಿಕೆದಾರರು ತೆತ್ತದ್ದು 8,000 ಕೋಟಿಯ ಹತ್ತಿರ. ಗಯೆಗೆ ಹೋಗಿ ಪಿಂಡ ಇಟ್ಟು ಬಂದರೂ ಇಷ್ಟು ಖರ್ಚಿಲ್ಲ.

ನಿರೀಶ್ವರವಾದಿಗಳೂ ಇದ್ದಾರೆ. 2010ರಲ್ಲಿ ಬೆಂಗಳೂರಿನಲ್ಲಿ ನಿತಿನ್ ಕಾಮತ್ ಕಟ್ಟಿದ ಷೇರು ದಲ್ಲಾಳಿ ಕಂಪನಿ ಜೆರೋಧಾ ಹೊರಗಿನ ಹೂಡಿಕೆದಾರನನ್ನೇ ಒಪ್ಪದೆ ಲಾಭ ಮಾಡುತ್ತ ಕೂತಿದೆ. ಇದನ್ನು ಖಂಡಿಸುವ ಯುಕ್ತಿ ಪ್ರಬಂಧಕಾರರಿಗೆ ಸಿಕ್ಕಿಲ್ಲವಾದ್ದರಿಂದ, ಸದ್ಯಕ್ಕೆ ಅದನ್ನು ಅಪಸಿದ್ಧಾಂತವೆಂದು ಕರೆದು ಅನುಬಂಧಕ್ಕೆ ತಳ್ಳಲಾಗಿದೆ.